ಅಂದಾನಿಗೆ ಬೇಕಾಗಿದ್ದ ತಂಪು

ಶ್ರೀರಂಗಪಟ್ಟಣ, ಮೇ ೧೯೭೪

ಲೇ ಅಂದಾನಿ,

ನೀನು ತೀರಿಕೊಂಡು ಮೂರು ವರ್ಷವಾದ ಮೇಲೆ ನಿನ್ನ ಮಾತು ನಡೆಸಿದ್ದೇನೆ. ನಾವಿಬ್ಬರೂ ಸೇರಿ ಕೊಂಡ ಹಳೇ ಅಮೆರಿಕಾ ಕಾರಿಗೆ ತಂಪು ಗಾಳಿಯ ಕಂಪ್ರೆಸರ್ ಹೊಸದಾಗಿ ಹಾಕಿಸಿದೆ. ಪಕ್ಕದಲ್ಲಿ ಬೆವರುತ್ತಾ ಕೂತು ನೀನು ಕೇಳಿದಾಗಲೆಲ್ಲ, ಗಾಜು ಇಳಿಸಿದರೆ ಗಾಳಿ ಪುಕ್ಕಟೆ ಎಂದು ಬಾಯಿ ಮುಚ್ಚಿಸುತ್ತಿದ್ದೆನಲ್ಲ, ಅದೇ.

ನಿನ್ನೆ ಸಿಂಧಘಟ್ಟದ ಮದುವೆಗೆ ಮೊದಲ ಬಾಡಿಗೆ. ಗಾಜೆಲ್ಲ ಏರಿಸಿ, ಮದುವೆ ಗಂಡನ್ನೂ ಅವನ ಅಜ್ಜಿ ಮಂಚಮ್ಮನನ್ನೂ ಕೂರಿಸಿಕೊಂಡು ತಣ್ಣಗೆ ಹೊರಟೆ. ಊರು ಹತ್ತಿರವಾಗುತ್ತಲೇ ಗಂಡು ಸರಸರನೆ ಗಾಜು ಇಳಿಸಿದ.

"ತಂಪೆಲ್ಲ ಆಚೆಗೋಯ್ತದೆ, ಏರ್ಸಪ್ಪಾ!" ಎಂದೆ.

"ಏರ್ಸುದ್ರೆ ಕಾರಲ್ಲಿ ಬಂದೋನು ನಾನೇ ಅಂತ ಊರೋರ್ಗೆ ಎಂಗಣ್ಣಾ ಗೊತ್ತಾಯ್ತದೆ?"

ಹಿಂದಿನ ಸೀಟಲ್ಲಿ ಸೆರಗು ಬಿಗಿಯಾಗಿ ಹೊದ್ದಿದ್ದ ಮಂಚಮ್ಮ, "ಇಳ್ಸಿರ್ಲಿ ಬುಡಪ್ಪಾ, ಪುಣ್ಯ ಬತ್ತದೆ. ಬ್ಯಾಸ್ಗೇಲಿ ನಡುಗಿಸ್ಬುಟ್ಟಲ್ಲೋ!" ಎಂದಳು.

ಕೇಳಿದೆಯಾ? ನಮ್ಮ ವಾದದಲ್ಲಿ ಗೆದ್ದವನು ನಾನೇ. ಈ ಕಡೆಯ ಮದುವೆಗಳಿಗೆ ಕಂಪ್ರೆಸರ್ ದಂಡ.

ಬರುವಾಗ ಕಾರು ಖಾಲಿ. ಗಾಜೆಲ್ಲ ಏರಿಸಿಕೊಂಡು, ಪಾಂಡವಪುರ ದಾಟಿ ಮನೆ ಮುಟ್ಟುವವರೆಗೂ ತಂಪನ್ನು ನೀನು ಕೂರುತ್ತಿದ್ದ ಕಡೆಗೇ ತಿರುಗಿಸಿಟ್ಟಿದ್ದೆ.

ತಮ್ಮಯ್ಯ