ನಲವತ್ತು ಕರೀ ಕೋಟು

ಸ್ಟುಡಿಯೋದ ಹೊಲಿಗೆ ಕೋಣೆ
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತಾ, ಇಲ್ಲ ಅದೂ ನಿನ್ನ ಹಾಗೆ ಹೇಳದೆ ಕೇಳದೆ ಎಲ್ಲಿಗೋ ಹೋಯಿತಾ? ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ‘ಗೋದಾಮು’ ಅಂತ ಒಂದೇ ಪದ ಬರೆದೆ. ಅಲ್ಲಿ ಏನಿದೆ, ಊಟ ಯಾರು ಹಾಕುತ್ತಾರೆ, ಒಂದೂ ಇಲ್ಲ. ಅಮ್ಮನ ಮಂಡಿನೋವು ಇದ್ದಲ್ಲೇ ಇದೆ. ನಾನು ಆರಾಮ. ಹಾಗಂತ ಬರೆದು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ನೋಡಿಕೋ.

ಈಗ ನಾನು ಬಟ್ಟೆ ಹೊಲಿಯುತ್ತಿರುವ ಸಿನಿಮಾ ನೂರು ವರ್ಷ ಮುಂದಿನದು. ಅದರಲ್ಲಿ ಗಟ್ಟಿಯಾಗಿ ಅಳುವುದು ಅಪರಾಧ. ಬೀದಿಯೆಲ್ಲ ನೀಲಿ ದೀಪ, ಗೋಡೆಯೆಲ್ಲ ಗಾಜು. ಹೊಡೆದಾಟದಲ್ಲಿ ರಕ್ತ ಕೂಡ ಇಸ್ತ್ರಿ ಮಾಡಿಸಿಕೊಂಡೇ ಬೀಳುತ್ತದೆ. ಕಾವಲಿನವರಿಗೆ ಉದ್ದನೆ ಕರೀ ಕೋಟು, ಕಿವಿಯವರೆಗೆ ಕಾಲರು, ಮುಖಕ್ಕೆ ಕನ್ನಡಿ. ಎದುರು ನಿಂತವನಿಗೆ ಕಾಣುವುದು ಹೆದರಿದ ತನ್ನದೇ ಮುಖ. ‘ಅಕ್ಕಾ, ಭಯ ಚೆಂದ ಕಾಣಬೇಕು’ ಅಂದಿದ್ದ ನಿರ್ದೇಶಕ. ಹಾಗೇ ಕಾಣುವಂತೆ ಮಾಡಿಬಿಟ್ಟೆ ಕಣೋ. ಬಟ್ಟೆ ಕೊಟ್ಟೆ, ಅಲ್ಲೇ ಕೆಟ್ಟೆ. (ಪ್ರಾಸ ಸಿಗದ ದಿನ ನನಗೆ ಗ್ರಾಸ ಇಳಿಯಲ್ಲ, ನಿನಗೆ ಗೊತ್ತಲ್ಲ.)

ಹೋದ ವಾರ ಕಾವಲಿನವರ ಪಾತ್ರದ ಇಬ್ಬರು ಊಟದ ಬಿಡುವಿನಲ್ಲಿ ಕೋಟು ಕಳಚದೆ ಗೇಟಿನಾಚೆ ಚಹಾ ಕುಡಿಯಲು ಹೋದರು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದರಂತೆ. ಲಾರಿ ಡ್ರೈವರೊಬ್ಬ ಯಾರೂ ಕೇಳದಿದ್ದರೂ ಲೈಸೆನ್ಸ್ ತೆಗೆದು ಹಿಡಿದನಂತೆ. ಒಬ್ಬ ಮುದುಕ ಎರಡೂ ಕೈ ಮೇಲೆತ್ತಿದನಂತೆ. ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದು ಹೇಳಿದರು, ನಾನೂ ನಕ್ಕೆ. ಮರುದಿನ ಮತ್ತೆ ಹೋದರು. ಮೂರನೇ ದಿನ ಚಹಾದವನಿಗೆ ‘ನಿಲ್ಲು ಅಲ್ಲೇ’ ಅಂದರಂತೆ, ನಿಂತನಂತೆ. ಅವತ್ತು ವಾಪಸು ಬಂದವರು ನಗಲಿಲ್ಲ. ಕೋಟು ಬಿಚ್ಚಿಕೊಡಲು ತಡಮಾಡಿದರು.

ನಿನ್ನೆ ಒಬ್ಬರು ಬಂದರು. ಬೂದು ಷರಟು, ಮೆತ್ತಗಿನ ಮಾತು. ಅಂಥದೇ ನಲವತ್ತು ಕೋಟು ಬೇಕಂತೆ. ಯಾವ ಸಿನಿಮಾಕ್ಕೆ ಸ್ವಾಮಿ ಅಂದೆ. ‘ಸಿನಿಮಾಕ್ಕಲ್ಲಮ್ಮ, ಉಪಯೋಗಕ್ಕೆ.’ ಬಟ್ಟೆಯ ಥಾನುಗಳು, ಅಳತೆ ಚೀಟಿಗಳ ಲಕೋಟೆ ಇಟ್ಟು ಹೊರಟವರು ಬಾಗಿಲಲ್ಲಿ ನಿಂತು ‘ತಾಯಿ ಮಂಡಿ ಹೇಗಿದೆ?’ ಅಂದರು. ನಾನು ಹೇಳಿರಲಿಲ್ಲ ಕಣೋ. ಅವರು ಹೋದ ಮೇಲೆ ಸೂಜಿಗೆ ದಾರ ಪೋಣಿಸಲು ಏಳು ಸಲ ಬೇಕಾಯಿತು.

ಇಪ್ಪತ್ತೆಂಟಕ್ಕೆ ಮತ್ತೆ ಬರುತ್ತಾರೆ. ಹೊಲಿಯಲ್ಲ ಅಂತ ಹೇಳಬೇಕು ಅಂತಿದ್ದೇನೆ. ಹೇಳುವ ಬಾಯಿ ಇದೆ, ನಿಲ್ಲುವ ಕಾಲಿಲ್ಲ. ಅದಕ್ಕೇ ನೀನು ಬಾ. ಮಾತಾಡಬೇಡ, ನನ್ನ ಹಿಂದೆ ಸುಮ್ಮನೆ ನಿಂತಿರು, ಸಾಕು.

ಅಮ್ಮ ಆಶೀರ್ವಾದ ಹೇಳಿದ್ದಾಳೆ. ನನ್ನದನ್ನೂ ಅದಕ್ಕೇ ಸೇರಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ತಾ.ಕ.: ಅಂಚೆಗೆ ಹಾಕುವ ಮೊದಲು ಆ ಲಕೋಟೆ ಬಿಚ್ಚಿದೆ. ಚೀಟಿಗಳಲ್ಲಿ ಹೆಸರಿಲ್ಲ, ಬರೀ ನಂಬರು. ಹದಿನೇಳನೆಯದು: ಕುತ್ತಿಗೆ ಹದಿನೈದು, ಬಲತೋಳು ಇಪ್ಪತ್ತನಾಲ್ಕು, ಎಡತೋಳು ಇಪ್ಪತ್ತೆರಡೂ ಮುಕ್ಕಾಲು. ಎರಡನೇ ಕ್ಲಾಸಿನಲ್ಲಿ ಗೋಡೆ ಹಾರಿ ನೀನು ಮೊಣಕೈ ಮುರಿದುಕೊಂಡ ಮೇಲೆ ನಾನು ಹೊಲಿದ ನಿನ್ನ ಪ್ರತಿ ಅಂಗಿಗೂ ಎಡತೋಳು ಅಷ್ಟೇ ಗಿಡ್ಡ. ಅಂಥ ಕೈ ಇನ್ನೊಬ್ಬನಿಗೂ ಇರಬಹುದು. ಇರಲಿ ದೇವರೇ. ಆ ಹದಿನೇಳು ನೀನೇ ಹೌದಾ ಅಲ್ಲವಾ, ಒಂದೇ ಸಾಲು ಬರಿ. ಅಲ್ಲದಿದ್ದರೆ ಓಡಿ ಬಾ. ಹೌದಾದರೆ ಬರಬೇಡ, ಅಮ್ಮನನ್ನು ಎಲ್ಲಿಗೆ ಕಳಿಸುತ್ತೇನೆ ಅಂತಲೂ ಕೇಳಬೇಡ.