ಅಯ್ಯಮ್ಮನ ಜೋಳ

ಅಪ್ಪಾ,

ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಮೇಲಿದೆ. ಅವ್ವನ ಬಿಪಿ ಗುಳಿಗೆ ಉಂಡ ಮೇಲೆ ಕೊಡು.

ನಾನು ಅಯ್ಯಮ್ಮನ ಜೋಳ ಬೀಸಿಸಿಕೊಂಡು ಬರಲು ಹುಣಸಗಿಯ ಗಿರಣಿಗೆ ಹೊರಟಿದ್ದೇನೆ. ಅವಳ ಮಗ ಬಾಕಿ ಕೂಲಿಗಾಗಿ ಕೇಸು ಹಾಕಿದನೆಂದು ಊರವರು ಆ ಮನೆಗೆ ಅಂಗಡಿ, ನೀರು, ಗಿರಣಿ ಎಲ್ಲ ಬಂದ್ ಮಾಡಿದ್ದಾರೆ, ನಿನ್ನ ಅಂಜಿಕೆ ನನಗೆ ತಿಳಿಯುತ್ತದೆ. ಆದರೆ ನಿನ್ನೆ ಅವಳು ಚೀಲ ಹೊತ್ತು ನಮ್ಮ ಗಿರಣಿಗೆ ಬಂದಾಗ "ಕರೆಂಟ್ ಇಲ್ಲಬೇ" ಅಂದೆಯಲ್ಲ, ನಿನ್ನ ತಲೆಯ ಮೇಲೇ ಫ್ಯಾನು ತಿರುಗುತ್ತಿತ್ತು. "ಕರೆಂಟ್ ಇಲ್ದಿದ್ರೂ ನಿಮ್ಮ ಫ್ಯಾನ್ ಚಲೋ ತಿರಗತೈತ್ರಿ ಅಣ್ಣಾರ" ಅಂದು ಹೋದಳು.

ನಮ್ಮ ಮುತ್ತಜ್ಜಿಗೂ ಹಿಂದಿನ ಊರಿನವರು ಹೀಗೇ ಹಿಟ್ಟು, ನೀರು ನಿಲ್ಲಿಸಿದ್ದಕ್ಕೆ ಅವಳು ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟಿ ಓಡಿಬಂದಳು. ಅವಳ ಹೆಸರಿನಲ್ಲೇ ನಾವು ಅಮಾವಾಸ್ಯೆಗೊಮ್ಮೆ ಯಾರ ಜೋಳವನ್ನಾದರೂ ಪುಕ್ಕಟೆ ಬೀಸುತ್ತೇವೆ. ನಿನ್ನೆ ಅಮಾವಾಸ್ಯೆ, ಅಪ್ಪಾ.

ಈ ಹಿಟ್ಟು ತೀರಿದ ಮೇಲೆ ಆ ಮನೆಯವರ ಗತಿ ಏನೋ ನನಗೆ ಗೊತ್ತಿಲ್ಲ. ನಮಗೂ ಬಂದ್ ಮಾಡಿದರೆ ಓಡಿಹೋಗಲು ಇನ್ನೊಂದು ಊರು ಎಲ್ಲಿದೆ?

ಹಗಲಿನಲ್ಲೇ, ಊರವರು ಕೂತಿರುವ ಕಟ್ಟೆಯ ಮುಂದಿನಿಂದಲೇ ಹೊತ್ತು ತರುತ್ತೇನೆ. ಆಗ ನೀನು ಒಳಗೇ ಇರು. ನೀನು ನೋಡುತ್ತ ಸುಮ್ಮನೆ ನಿಂತಿದ್ದರೆ ನನಗೆ ಹೆಜ್ಜೆ ಏಳುವುದಿಲ್ಲ.

ಪರಿಮಳಾ