ಅಪ್ಪಯ್ಯ ಅರ್ಥ ಹೇಳಿದ ಸಿನಿಮಾ

ಅಪ್ಪಯ್ಯ,

ನಿನ್ನೆ ಶಿರಸಿಯಲ್ಲಿ ಅಭಿಮಾನಿಗಳು ಸೇರಿ ಆ ಹಳೆಯ ಇಂಗ್ಲಿಷ್ ಸಿನಿಮಾ ತೋರಿಸಿದರು, ಮಗಳನ್ನು ಬಿಟ್ಟು ನಕ್ಷತ್ರಗಳ ಕಡೆ ಹೋಗುವ ತಾಯಿಯದ್ದು. ಸಭಾಂಗಣ ತುಂಬಿತ್ತು. ಪ್ರತಿ ಮಾತನ್ನೂ ಅವರು ಪಾತ್ರಗಳಿಗಿಂತ ಮೊದಲೇ ಹೇಳುತ್ತಿದ್ದರು. ನನಗೆ ಬಾಯಿಪಾಠವಿದ್ದದ್ದು ನಿನ್ನ ಮಾತುಗಳು. ನನ್ನ ಹೆತ್ತ ಆಯಿ ಕೊನೆಯ ಸಲ ಹುಬ್ಬಳ್ಳಿಯ ಆಸ್ಪತ್ರೆ ಸೇರಿದಾಗ ನೀನು ಬಾಡಿಗೆಯ ವಿಸಿಆರ್ ತಂದು, ಟಿವಿಯ ದನಿ ಅಡಗಿಸಿ, ತಾಳಮದ್ದಲೆಯಲ್ಲಿ ಕೂತವನಂತೆ ಎಲ್ಲ ಪಾತ್ರಗಳ ಮಾತನ್ನೂ ನೀನೇ ಕಟ್ಟಿ ಆಡುತ್ತ ಅರ್ಥ ಹೇಳಿದ್ದೆ.

ಕೊನೆಗೆ ನೌಕೆ ಚುಕ್ಕಿಯಾಗುತ್ತ ಹೋಯಿತು. ಪಕ್ಕದಲ್ಲಿದ್ದ ತಮ್ಮನ ಮಗಳು ಅಭಿಜ್ಞಾಗೆ, "ಈಗ ತಿರುಗ್ತು ನೋಡು," ಎಂದೆ.

"ಇಲ್ಲೆ ಅತ್ತೆ, ಅದು ವಾಪಸ್ ಬತ್ತೇ ಇಲ್ಲೆ. ಅದಕ್ಕೇ ಅಲ್ದಾ ಎಲ್ಲರೂ ಮತ್ತೆ ಮತ್ತೆ ನೋಡದು? ಬತ್ತು ಹೇಳಿ ನಿಂಗೆ ಯಾರು ಹೇಳಿದ್ದು?"

"ನಿನ್ನ ಅಜ್ಜ."

"ಅಜ್ಜಂಗೆ ಇಂಗ್ಲಿಷ್ ಬತ್ತಿತ್ತಾ?"

ನನಗೆ ಗೊತ್ತಿಲ್ಲ. ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದವನು ನೀನು. ನಿನಗೆಷ್ಟು ಬರುತ್ತದೆಂದು ನೀನಿರುವಾಗ ಕೇಳಲೇ ಇಲ್ಲ. ಅಂದು ಪರದೆ ಕಪ್ಪಾದ ಮೇಲೂ ನೀನು ಮಾತು ನಿಲ್ಲಿಸಿರಲಿಲ್ಲ. ತಾಯಿಯ ದನಿಯಲ್ಲಿ, "ಕೂಸೇ, ಬಾಗ್ಲು ತೆಗಿ, ಆನು ಬಂದಿ," ಎಂದಿದ್ದೆ. ಸಿನಿಮಾದ ಇಂಗ್ಲಿಷ್ ತಿಳಿಯದೆ ಅವಳನ್ನು ಮನೆಗೆ ಕರೆತಂದೆಯೋ, ಅಥವಾ ಅಷ್ಟರಲ್ಲಿ ಡಾಕ್ಟರು ನಿನಗೆ ಎಲ್ಲವನ್ನೂ ಹೇಳಿಯಾಗಿತ್ತೋ?